ತುರಿಯೋ ಮಣೆಗಿಂತ ಚೂಪು

"ಬ್ರೇಕ್ ಒತ್ತಿ ಹಿಡ್ಕೋ ಕಣೇ" ಎಂದರು ಅಪ್ಪ. ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಳೆಯ ಕಾರಿನ ಸ್ಟೀರಿಂಗ್ ಹಿಂದೆ ಕೂತು ಪೆಡಲ್ ಒತ್ತಿದಳು. ಎಂಬತ್ತರ ದಶಕದ ಒಂದು ಭಾನುವಾರ, ರಾಜಾಜಿನಗರದಲ್ಲಿ ಮಾರಾಟಕ್ಕಿದ್ದ ಆ ಕಾರನ್ನು ನೋಡಲು ಹೋಗಿದ್ದೆವು. ಜ್ಯಾಕ್ ಕೊಟ್ಟು ಎತ್ತಿದ್ದ ಚಕ್ರವನ್ನು ಅಪ್ಪ ಹಿಂದಕ್ಕೂ ಮುಂದಕ್ಕೂ ಅಲುಗಿಸಿದರು. ಒಳಗೆಲ್ಲೋ 'ಟಕ್' ಎಂದಿತು. ನಡುವಿನ ದೊಡ್ಡ ನಟ್ ಬಿಚ್ಚಿ ಚಕ್ರವನ್ನು ಹೊರಗೆಳೆದರು. ಆಕ್ಸಲ್ ಸುತ್ತ ಸಾಲಾಗಿ ಹಲ್ಲುಗಳು; ಚಕ್ರ ಕಚ್ಚಿ ಕೂರುವುದು ಅವುಗಳ ಮೇಲೆಯೇ.

"ಹಳೇ ಕಾರು ಯಾಕ್ರೀ" ಎಂದು ದಾರಿಯುದ್ದಕ್ಕೂ ಗೊಣಗಿದ್ದ ಅಮ್ಮ ಇಳಿದು ಬಂದು ಹಲ್ಲುಗಳ ಮೇಲೆ ಬೆರಳಾಡಿಸಿದಳು. "ನಮ್ಮ ಕಾಯಿ ತುರಿಯೋ ಮಣೆಗಿಂತ ಚೂಪಾಗಿದೆ ರೀ! ಗಟ್ಟಿ ಮಾಲು, ತಗೊಂಡ್ಬಿಡಿ."

ಅಪ್ಪ ನಕ್ಕರು, ಆದರೆ ಮುಖ ಬಾಡಿತ್ತು. "ಹೊಸದರಲ್ಲಿ ಇವು ಮೊಂಡಾಗೇ ಇರ್ತವೆ ಕಣೇ. ಸವೆದೂ ಸವೆದೂ ಹೀಗೆ ಚೂಪಾಗಿರೋದು." ಹೊರಡುವಾಗ ಬಾನೆಟ್ಟನ್ನೊಮ್ಮೆ ಸವರಿದರು. ವಿಜಯನಗರಕ್ಕೆ ಬಸ್ಸಿನಲ್ಲೇ ವಾಪಸಾದೆವು.

ಮುಪ್ಪಿನಲ್ಲಿ ಅಪ್ಪ ಮಾತುಮಾತಿಗೂ ಸಿಡುಕುತ್ತಿದ್ದರು. ನಾನು ಮುಖ ಊದಿಸಿಕೊಂಡರೆ ಅಮ್ಮ ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳುತ್ತಿದ್ದಳು: "ಸವೆದಿದಾರೆ ಕಣೋ, ಅದಕ್ಕೇ ಚೂಪು."