ದೀಪ ಕೊಡಲು ಮನಸ್ಸಿಲ್ಲದ ರಾಜಕುಮಾರಿ

1986ರಲ್ಲಿ ನಾನು ರಾಜಾಜಿನಗರದ ಒಂದು ಸಣ್ಣ ಅನಿಮೇಷನ್ ಸ್ಟುಡಿಯೋದಲ್ಲಿ ಚೆಕಿಂಗ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎಂದರೆ ದೊಡ್ಡ ಕೋಣೆ, ಕರೆಗಂಟೆ ಎಂದುಕೊಳ್ಳಬೇಡಿ. ಗಾಜಿನ ಹಲಗೆಯ ಒಂದು ಮೇಜು, ಗಾಜಿನಡಿ ಒಂದು ಟ್ಯೂಬ್‌ಲೈಟ್, ಕೈಯಲ್ಲೊಂದು ಕೆಂಪು ಪೆನ್ಸಿಲ್, ಇಷ್ಟೇ ನನ್ನ ರಾಜ್ಯ. ಕಲಾವಿದರು ಬರೆದ ಪ್ರತಿಯೊಂದು ಚಿತ್ರವೂ ನನ್ನ ಮೇಜಿಗೆ ಬರಬೇಕು. ಸರಿಯಿದ್ದರೆ ಮುಂದಕ್ಕೆ, ತಪ್ಪಿದ್ದರೆ ಕೆಂಪು ಗೀಟು ಎಳೆದು ಹಿಂದಕ್ಕೆ. ಗೀಟು ಎಳೆಯುವುದರಲ್ಲಿ ನನಗೆ ಸ್ವಲ್ಪ ಖುಷಿಯೂ ಇತ್ತು ಎಂದು ಈಗ ಒಪ್ಪಿಕೊಳ್ಳಬಹುದು.

ಸ್ಟುಡಿಯೋ ಇದ್ದದ್ದು ಒಂದು ಲೇತ್ ವರ್ಕ್‌ಶಾಪಿನ ಮೇಲಿನ ಮಹಡಿಯಲ್ಲಿ. ಕೆಳಗೆ ಲೇತ್ ತಿರುಗಿದರೆ ಮೇಲೆ ನಮ್ಮ ಕ್ಯಾಮೆರಾ ನಡುಗುತ್ತಿತ್ತು. ಹಾಗಾಗಿ ಅವರು ಮೆಷಿನ್ ನಿಲ್ಲಿಸಿ ಊಟಕ್ಕೆ ಕೂತಾಗ ನಮ್ಮ ಶೂಟಿಂಗ್, ಅವರು ಮತ್ತೆ ಶುರು ಮಾಡಿದಾಗ ನಮ್ಮ ಊಟ. ಆಗ ಕಂಪ್ಯೂಟರ್ ಇರಲಿಲ್ಲ. ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಫ್ರೇಮ್, ಒಂದೊಂದು ಚಿತ್ರವನ್ನು ಎರಡು ಫ್ರೇಮ್‌ಗೆ ಹಿಡಿದರೂ ಸೆಕೆಂಡಿಗೆ ಹನ್ನೆರಡು ಚಿತ್ರ. ಅವನ್ನು ಸೆಲ್ ಎಂಬ ಪಾರದರ್ಶಕ ಹಾಳೆಯ ಮುಂಭಾಗದಲ್ಲಿ ಗೆರೆ ಎಳೆದು, ಹಿಂಭಾಗದಲ್ಲಿ ಬಣ್ಣ ತುಂಬಿ ತಯಾರಿಸುತ್ತಿದ್ದೆವು. ಬಣ್ಣ ತುಂಬುವವರು ಬಹುತೇಕ ಕಾಮಾಕ್ಷಿಪಾಳ್ಯದ ಹೆಣ್ಣುಮಕ್ಕಳು. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿ ಪಳಗಿದ ಕೈ, ಒಂದು ಚೂರೂ ಅದುರುತ್ತಿರಲಿಲ್ಲ.

ಆ ವರ್ಷ ನಮಗೆ ಸಿಕ್ಕಿದ್ದು ಹದಿನೆಂಟು ನಿಮಿಷದ ಒಂದು ಮಕ್ಕಳ ಚಿತ್ರ. ಅಂದರೆ ಸುಮಾರು ಹದಿಮೂರು ಸಾವಿರ ಚಿತ್ರಗಳ ಕೆಲಸ. ಕಥೆ ಒಬ್ಬಳು ಮತ್ಸ್ಯಕನ್ಯೆ ರಾಜಕುಮಾರಿಯದು. ಬೆಸ್ತರ ಊರಿನ ದಡದಲ್ಲಿ ಕಂಬಕ್ಕೆ ತೂಗುಹಾಕಿದ್ದ ಲಾಟೀನು ಒಂದು ಬಿರುಗಾಳಿಗೆ ಕಡಲಿಗೆ ಬೀಳುತ್ತದೆ. ಬೆಳಕನ್ನೇ ಕಾಣದ ಕಡಲ ತಳದಲ್ಲಿ ಅದು ರಾಜಕುಮಾರಿಗೆ ಸಿಗುತ್ತದೆ. ನೀರೊಳಗೆ ಲಾಟೀನು ಹೇಗೆ ಉರಿಯುತ್ತದೆ ಎಂದು ಕೇಳಬೇಡಿ, ಮಕ್ಕಳ್ಯಾರೂ ಕೇಳಲಿಲ್ಲ. ಮೇಲೆ ದೀಪವಿಲ್ಲದೆ ದೋಣಿಗಳು ದಾರಿ ತಪ್ಪುತ್ತಿವೆ ಎಂದು ಅವಳ ಅಜ್ಜಿ ಹೇಳಿದೊಡನೆ ರಾಜಕುಮಾರಿ ನಗುನಗುತ್ತಾ ಅದನ್ನು ಹಿಂದಿರುಗಿಸುತ್ತಾಳೆ. ಜೊತೆಗೆ ನಗಿಸಲು ಒಂದು ಏಡಿ.

ರಾಜಕುಮಾರಿಯ ರೂಪ ಕೊಟ್ಟವರು ಚನ್ನಬಸಪ್ಪನವರು. ದಾವಣಗೆರೆ ಕಡೆಯವರು. ಮೂವತ್ತು ವರ್ಷ ಕ್ಯಾಲೆಂಡರ್‌ಗಳಿಗೆ ದೇವಿಯರ ಚಿತ್ರ ಬರೆದವರು. ಪ್ರೆಸ್ಸಿನವರು ಕೈಯಿಂದ ಬರೆಸುವುದನ್ನು ನಿಲ್ಲಿಸಿದ ಮೇಲೆ ಅವರಿಗೆ ಕೆಲಸವಿರಲಿಲ್ಲ. ಅವರನ್ನು ಹುಡುಕಿ ಕರೆತಂದದ್ದು ನಮ್ಮ ಮಾಲೀಕ ರಂಗನಾಥ್. ನಾವೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತಿದ್ದೆವು, ನನಗೆ ಮುಖ ಬರೆಯುವುದನ್ನು ಕಲಿಸಿದವರೂ ಅವರೇ.

ಪಾತ್ರವೊಂದರ ಮುಖ, ಮೈ, ಭಾವಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದಿಡುವುದಕ್ಕೆ ಮಾಡೆಲ್ ಶೀಟ್ ಎನ್ನುತ್ತಾರೆ. ಹತ್ತು ಜನ ಬರೆದರೂ ಪಾತ್ರ ಒಂದೇ ಆಗಿ ಕಾಣಲಿ ಎಂದು ಎಲ್ಲರೂ ಅದನ್ನೇ ನೋಡಿಕೊಂಡು ಬರೆಯಬೇಕು. ಮೇಷ್ಟ್ರು ರಾಜಕುಮಾರಿಯ ಮಾಡೆಲ್ ಶೀಟನ್ನು ಸೋಮವಾರ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬರೆದರು. ಕಣ್ಣು ಮಾತ್ರ ಕಡೆಗೆ. ಕ್ಯಾಲೆಂಡರ್‌ಗೆ ಹೇಗೋ ಇದಕ್ಕೂ ಹಾಗೆಯೇ. ಏಡಿಗೆ ಇಪ್ಪತ್ತೆರಡು ಮುಖಭಾವಗಳಿದ್ದವು. ರಾಜಕುಮಾರಿಗೆ ಮೂರು: ನಗು, ಕಿರುನಗು, ತಲೆ ತಗ್ಗಿಸಿದ ಕಿರುನಗು.

"ಹೆಣ್ಣುದೇವರ ಮುಖ ಸೊಟ್ಟ ಮಾಡಬಾರದವ್ವ," ಎಂದಿದ್ದರು ನನಗೆ. "ಜನ ಬೆಳಗೆದ್ದು ಅದರ ಮುಂದೆ ಕೈ ಮುಗೀತಾರೆ. ವರ್ಷಪೂರ್ತಿ ಗ್ವಾಡಿ ಮ್ಯಾಲಿರತೈತಿ."

ನಮ್ಮ ರಾಜಕುಮಾರಿ ದೇವರಲ್ಲ, ಗೋಡೆಯ ಮೇಲೆ ಇರುವವಳೂ ಅಲ್ಲ ಎಂದು ಆಗ ನನಗೆ ಹೊಳೆಯಲೇ ಇಲ್ಲ. ಬದಲಿಗೆ ನಾನೇ ಕಾವಲು ನಿಂತೆ. ಒಬ್ಬ ಅನಿಮೇಟರ್ ಒಮ್ಮೆ ಅವಳ ಹುಬ್ಬನ್ನು ಕೂದಲೆಳೆಯಷ್ಟು ಏರಿಸಿದ್ದ. ಇಡೀ ದೃಶ್ಯವನ್ನು ಗೀಟು ಹಾಕಿ ಹಿಂದಕ್ಕೆ ಕಳಿಸಿದೆ. ಆಮೇಲೆ ಎಲ್ಲರೂ ಮಾಡೆಲ್ ಶೀಟಿನ ಮುಖವನ್ನು ಹಾಗೇ ಟ್ರೇಸ್ ಮಾಡಿ, ತಮ್ಮ ಜಾಣತನವನ್ನೆಲ್ಲ ಅವಳ ಬಾಲಕ್ಕೆ ಹಾಕಿದರು. ಬಾಲ ಬಳುಕುತ್ತಿತ್ತು, ಮುಖ ಮಾತ್ರ ಕ್ಯಾಲೆಂಡರ್ ಆಗಿಯೇ ಉಳಿಯಿತು.

ಏಳು ತಿಂಗಳ ಕೆಲಸದ ಬಳಿಕ, ಮುಗಿದಷ್ಟು ಭಾಗವನ್ನು ಬಸವೇಶ್ವರನಗರದ ಒಂದು ಪ್ರಾಥಮಿಕ ಶಾಲೆಯಲ್ಲಿ ತೋರಿಸಿದೆವು. ಏಡಿ ಬಂದಾಗ ಮಕ್ಕಳು ಬೆಂಚು ಕುಟ್ಟಿ ನಕ್ಕರು. ರಾಜಕುಮಾರಿ ಬಂದಾಗ ನೀರಿನ ಬಾಟಲಿ ತೆಗೆದರು. ಬೇರೆ ಯಾವ ವಿಮರ್ಶಕರೂ ಬೇಕಿರಲಿಲ್ಲ. ಮುಗಿದ ಮೇಲೆ ಎರಡು ಜಡೆಯ ಒಬ್ಬಳು ಹುಡುಗಿಯನ್ನು, ರಾಜಕುಮಾರಿ ಹೇಗಿದ್ದಾಳೆ ಎಂದು ಕೇಳಿದೆ.

"ಚೆನ್ನಾಗವ್ಳೆ," ಎಂದಳು. ಸ್ವಲ್ಪ ಯೋಚಿಸಿ, "ಆ ದೀಪ ಅವಳ್ಗೆ ಬೇಡ್ವಾ ಆಂಟಿ? ನಾನಾಗಿದ್ರೆ ಕೊಡ್ತಾನೇ ಇರ್ಲಿಲ್ಲ," ಎಂದಳು.

ಮರುದಿನ ರಂಗನಾಥ್ ನನ್ನನ್ನು ಕರೆದರು. ಒಳ್ಳೆಯ ಮನುಷ್ಯ, ಆದರೆ ಒಪ್ಪಿಕೊಂಡ ಚಿತ್ರ ತಲುಪಿಸಬೇಕಿತ್ತು. "ವಿಮಲಾ, ಏಡೀನೇ ಹೀರೋ ಮಾಡ್ಬಿಡೋಣ. ರಾಜಕುಮಾರಿ ಶುರುನಲ್ಲಿ ಒಂದ್ಸಲ, ಕೊನೇಲಿ ಒಂದ್ಸಲ ಬಂದ್ರೆ ಸಾಕು. ಮೇಷ್ಟ್ರಿಗೆ ಇನ್ನು ಕೆಲಸ ಇರಲ್ಲ, ನಾನೇ ಹೇಳ್ತೀನಿ," ಎಂದರು.

ಮೇಷ್ಟ್ರಿಗೆ ಒಂದು ಸಲ ಕೆಲಸ ಹೋಗಿತ್ತು. ಐವತ್ತೆಂಟು ವರ್ಷದ ಕಲಾವಿದನಿಗೆ ಎರಡನೇ ಸಲವೂ "ನಿಮ್ಮ ಮುಖಗಳು ಬೇಡ" ಎಂದು ಹೇಳುವುದೆಂದರೆ ಅದು ಕೆಲಸದಿಂದ ತೆಗೆಯುವ ಮಾತಷ್ಟೇ ಆಗಿರುವುದಿಲ್ಲ. ಅದೂ ತಪ್ಪಿನಲ್ಲಿ ಅರ್ಧ ಪಾಲು ನನ್ನದೇ ಇರುವಾಗ. ಎರಡು ವಾರ ಕೊಡಿ, ಮೇಷ್ಟ್ರಿಂದಲೇ ಹೊಸ ಮುಖ ಬರೆಸುತ್ತೇನೆ ಎಂದು ಕೇಳಿಕೊಂಡೆ. ಅವರು ಒಲ್ಲದ ಮನಸ್ಸಿನಿಂದ ಒಪ್ಪಿದರು.

ಭಾನುವಾರ ಬೆಳಿಗ್ಗೆ ಹೊಸಹಳ್ಳಿಯ ನನ್ನ ಮನೆಯಿಂದ ಹೊರಟು, ಮಾರ್ಕೆಟ್‌ನಲ್ಲಿ ಬಸ್ ಬದಲಿಸಿ ಕೆಂಗೇರಿ ಉಪನಗರಕ್ಕೆ ಹೋದೆ. ಮೇಷ್ಟ್ರು ಲುಂಗಿ ಉಟ್ಟು ಪೇಪರ್ ಓದುತ್ತಾ ಕೂತಿದ್ದರು. ಹೆಂಡತಿ ಗೌರಮ್ಮ ಒಳಗಿನಿಂದಲೇ "ಬಾರವ್ವ" ಎಂದರು. ಒಳಗೆ ಒಂದು ಟ್ರಾನ್ಸಿಸ್ಟರ್ ಸಣ್ಣಗೆ ಹಾಡುತ್ತಿತ್ತು. ನಾನು ಸುತ್ತಿ ಬಳಸದೆ ಶಾಲೆಯಲ್ಲಿ ಆದದ್ದನ್ನು ಹೇಳಿದೆ. ರಂಗನಾಥ್ ಏನು ಯೋಚಿಸಿದ್ದಾರೆ ಎಂಬುದನ್ನೂ ಹೇಳಿದೆ.

ಅವರು ಪೇಪರನ್ನು ನಾಲ್ಕು ಮಡಿಕೆ ಮಡಿಸಿದರು. "ಹಂಗಾದ್ರ ನಾ ಬರೆದದ್ದು ಗೊಂಬಿ ಅಂತೀಯೇನವ್ವ?"

"ಅಲ್ಲ ಮೇಷ್ಟ್ರೇ. ಗೊಂಬೆ ಮಾಡಿದ್ದು ನಾನು. ಬೇರೆ ಮುಖ ಬರೆದವರಿಗೆಲ್ಲ ಗೀಟು ಹಾಕಿದೆ."

"ಬ್ಯಾರೆ ಮುಖ ನನಗ ಬರಂಗಿಲ್ಲ," ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯಿತ್ತು. "ಮೂವತ್ತು ವರ್ಷ ಶಾಂತ ಮುಖನೇ ಬರೆದೀನಿ. ಬೇಕು ಅನ್ನೋ ಮುಖ ಯಾರನ್ನ ನೋಡಿ ಬರೀಲಿ?"

ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದರು. ತಿಂಗಳ ಕಾಲ ಮಗಳ ಬಾಣಂತನಕ್ಕೆ ಹೋಗುವಾಗ ಮನೆಯ ಟ್ರಾನ್ಸಿಸ್ಟರನ್ನು ಗೌರಮ್ಮನವರಲ್ಲಿ ಇಟ್ಟುಹೋಗಿದ್ದರಂತೆ. ಹಿಂದಿನ ದಿನ ವಾಪಸು ಬಂದಿದ್ದರು.

"ತಗೊಂಡ್ ಹೋಗ್ರಿ, ನಿಮ್ಮದೇ ಅಲ್ಲೇನ್ರಿ," ಎನ್ನುತ್ತಾ ಗೌರಮ್ಮ ಅದನ್ನು ಹೊರಗೆ ತಂದರು. ಹಾಡು ಇನ್ನೂ ಬರುತ್ತಿತ್ತು. ಬಾಯಲ್ಲಿ ಹಾಗೆಂದರೂ ಕೈ ಬಿಡಲಿಲ್ಲ. ಸೆರಗಿನಿಂದ ಅದರ ಗಾಜು ಒರೆಸಿದರು. ಧೂಳೇ ಇರದಿದ್ದರೂ ಇನ್ನೊಮ್ಮೆ ಒರೆಸಿದರು. ಕೆಳತುಟಿ ಒಳಗೆ ಸರಿದಿತ್ತು, ಕಣ್ಣು ಕಿಟಕಿಯ ಕಡೆಗಿತ್ತು. ಮೂರನೆಯ ಸಲ ಒರೆಸಿ, ಹಾಡು ಮುಗಿಯುವವರೆಗೆ ಕಾದು, ಗುಂಡಿ ತಿರುವಿ ಆರಿಸಿ, ಕೊಟ್ಟರು. ಕೊಟ್ಟ ಮೇಲೆ ನಕ್ಕರು. ಆ ನಗು ನಮ್ಮ ಮಾಡೆಲ್ ಶೀಟಿನ ಮೂರು ನಗುಗಳಲ್ಲಿ ಯಾವುದೂ ಆಗಿರಲಿಲ್ಲ.

ತಿರುಗಿ ನೋಡಿದರೆ ಮೇಷ್ಟ್ರ ಕೈ ಆಗಲೇ ಓಡುತ್ತಿತ್ತು. ಟೀಪಾಯಿಯ ಮೇಲಿದ್ದ ಯಾರದೋ ಮದುವೆಯ ಲಗ್ನಪತ್ರಿಕೆಯ ಹಿಂಬದಿಗೆ, ಪೇಪರಿನ ಪದಬಂಧ ತುಂಬುತ್ತಿದ್ದ ಪೆನ್ಸಿಲಿನಲ್ಲಿ. ಅವರಿಗಿನ್ನೂ ಸ್ನಾನವಾಗಿರಲಿಲ್ಲ, ಹಣೆಯಲ್ಲಿ ವಿಭೂತಿಯಿರಲಿಲ್ಲ, ಕಣ್ಣನ್ನೇ ಮೊದಲು ಬರೆದಿದ್ದರು. ಒಂದರ ಪಕ್ಕ ಒಂದು, ಒಟ್ಟು ಹನ್ನೊಂದು ಮುಖಗಳು. ಅವುಗಳಲ್ಲಿ ಒಂದೂ ಸೊಟ್ಟಗಿರಲಿಲ್ಲ.

"ಅದೇನ್ ಬರೀತೀರಿ ಲಗ್ನಪತ್ರಿಕಿ ಮ್ಯಾಲೆ, ಇನ್ನೂ ಮದುವಿಗೆ ಹೋಗಬೇಕು," ಎಂದರು ಗೌರಮ್ಮ.

"ಏನಿಲ್ಲ, ಆಫೀಸಿಂದು," ಎಂದರು ಮೇಷ್ಟ್ರು.

ಸೋಮವಾರ ಆ ಹನ್ನೊಂದು ಮುಖಗಳನ್ನು ರಂಗನಾಥ್ ಮುಂದೆ ಇಟ್ಟೆ. ಅವರು ಬಹಳ ಹೊತ್ತು ನೋಡಿ, "ಇವ್ಳು ಸುಮ್ನೆ ದೀಪ ಕೊಟ್ಬಿಡಲ್ಲ ಕಣ್ರೀ," ಎಂದರು. ಅಲ್ಲಿಂದ ಕಥೆ ತಾನೇ ತಿರುಗಿತು. ಮುಖ ಬದಲಾದರೆ ಸಾಕೆಂದು ನಾವು ಅಂದುಕೊಂಡಿದ್ದೆವು. ಆದರೆ ಆ ಮುಖದವಳು ಹಳೆಯ ಕಥೆಯಲ್ಲಿ ಹೇಳಿದ ಹಾಗೆ ಕೇಳಲು ತಯಾರಿರಲಿಲ್ಲ. ಅಜ್ಜಿ ಹೇಳಿದೊಡನೆ ಅವಳು ದೀಪವನ್ನು ಚಿಪ್ಪಿನ ಕೆಳಗೆ ಬಚ್ಚಿಟ್ಟಳು. ಏಡಿಗೆ ಅಲ್ಲಿಯವರೆಗೆ ಕುಣಿಯುವುದೊಂದೇ ಕೆಲಸ, ಈಗ ಅವಳ ಮನವೊಲಿಸುವ ಕೆಲಸ ಬಂತು, ಅದರ ತಮಾಷೆಗೂ ಒಂದು ಅರ್ಥ ಬಂತು. ಈಜುವ ವೇಗವೂ ಬದಲಾಯಿತು. ಮೊದಲು ಒಂದೇ ಸಮನೆ ಮೇಲಕ್ಕೆ ಹೋಗುತ್ತಿದ್ದವಳು ಈಗ ನಡುವೆ ನಿಲ್ಲುತ್ತಿದ್ದಳು. ಕೊಡುವ ಮುನ್ನ ಕೂದಲಿನಿಂದ ಗಾಜು ಒರೆಸುವ ಒಂದು ಹೊಸ ದೃಶ್ಯ ಸೇರಿತು. ಅಲ್ಲಿ ಅವಳು ಹದಿನೆಂಟು ಫ್ರೇಮ್, ಅಂದರೆ ಮುಕ್ಕಾಲು ಸೆಕೆಂಡು, ಅಲ್ಲಾಡದೆ ದೀಪವನ್ನೇ ನೋಡುತ್ತಾಳೆ. ಆ ಹದಿನೆಂಟು ಫ್ರೇಮಿನ ಸಲುವಾಗಿ ನಾನೂ ಮೇಷ್ಟ್ರೂ ಒಂದು ಇಡೀ ಮಧ್ಯಾಹ್ನ ವಾದ ಮಾಡಿದ್ದೇವೆ. ಹನ್ನೆರಡು ಸಾಕು ಎಂದಿದ್ದೆ ನಾನು. ಅವರು ಹೇಳಿದ್ದೇ ಸರಿಯಾಗಿತ್ತು.

ಎರಡು ವಾರ ಎಂದದ್ದು ಐದು ವಾರವಾಯಿತು. ಕಾಮಾಕ್ಷಿಪಾಳ್ಯದ ಹೆಣ್ಣುಮಕ್ಕಳು ಭಾನುವಾರಗಳಲ್ಲೂ ಬಂದು ಬಣ್ಣ ತುಂಬಿದರು. ಭಾನುವಾರ ಲೇತಿಗೆ ರಜೆ, ಕ್ಯಾಮೆರಾ ದಿನವಿಡೀ ನೆಮ್ಮದಿಯಾಗಿ ಓಡಿತು. ಹುಬ್ಬು ಏರಿಸಿದ್ದ ಅನಿಮೇಟರನ ಬಳಿ ಹೋಗಿ ತಪ್ಪಾಯಿತು ಎಂದೆ. ಅವನು, "ಬಿಡಿ ಮೇಡಂ, ಆ ಹಾಳೆ ಎಸ್ದಿಲ್ಲ, ಡ್ರಾಯರ್‌ನಲ್ಲೇ ಐತೆ," ಎಂದ. ಬದಲಾದ ಚಿತ್ರದಲ್ಲಿ ಅದನ್ನೂ ಬಳಸಿದೆವು.

ಚಿತ್ರ ಮುಗಿದಾಗ ಅದೇ ಶಾಲೆಯಲ್ಲಿ, ಅದೇ ಮಕ್ಕಳಿಗೆ ತೋರಿಸಿದೆವು. ಮೇಷ್ಟ್ರು ಗೌರಮ್ಮನವರನ್ನೂ ಕರೆತಂದಿದ್ದರು. ಮದುವೆಯಾದ ಮೂವತ್ತು ವರ್ಷದಲ್ಲಿ ಗಂಡನ ಕೆಲಸ ನೋಡಲು ಅವರು ಮನೆಯಿಂದ ಹೊರಗೆ ಬಂದದ್ದು ಅದೇ ಮೊದಲಂತೆ. ಕೊನೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತರು. ಏಡಿಗೆ ಮಕ್ಕಳು ಮೊದಲಿನಂತೆಯೇ ನಕ್ಕರು. ರಾಜಕುಮಾರಿ ದೀಪ ಬಚ್ಚಿಟ್ಟಾಗ ಯಾರೂ ನೀರಿನ ಬಾಟಲಿ ಮುಟ್ಟಲಿಲ್ಲ. ಗಾಜು ಒರೆಸುವ ದೃಶ್ಯ ಬಂತು. ಒಮ್ಮೆ ಒರೆಸಿದಳು, ಎರಡು ಸಲ ಒರೆಸಿದಳು. ಆ ಕತ್ತಲಲ್ಲಿ ಎರಡು ಜಡೆಯ ಹುಡುಗಿಯ ದನಿ ಕೇಳಿಸಿತು: "ಇನ್ನೊಂದ್ಸಲ ಒರೆಸ್ಕೊಳೇ." ರಾಜಕುಮಾರಿ ಇನ್ನೊಂದು ಸಲ ಒರೆಸಿ ಕೊಟ್ಟಳು. ನನ್ನ ಕಣ್ಣು ತುಂಬಿತು. ಗೌರಮ್ಮ ಮಾತ್ರ ಕಲ್ಲಿನಂತೆ ಕೂತಿದ್ದರು.

ಹೊರಗೆ ಬಂದು ಬಸ್ ಸ್ಟಾಪಿನ ಕಡೆಗೆ ಮೂವರೂ ನಡೆದೆವು. ಅರ್ಧ ದಾರಿಯಲ್ಲಿ ಗೌರಮ್ಮ ಗಂಡನ ಕಡೆ ನೋಡದೆಯೇ ಕೇಳಿದರು.

"ಅವತ್ತು ಲಗ್ನಪತ್ರಿಕಿ ಮ್ಯಾಲೆ ಬರೀತಿದ್ರಲ್ಲ. ನನ್ನ ನೋಡಿದ್ರೇನ್ರಿ?"

"ನೋಡಿದೆ," ಎಂದರು ಮೇಷ್ಟ್ರು.

ಅದಾದ ಮೇಲೆ ಇಪ್ಪತ್ತಾರು ವರ್ಷ ನಾನು ಈ ಕೆಲಸದಲ್ಲಿದ್ದೆ. ಸೆಲ್ ಹೋಯಿತು, ಕೆಂಪು ಪೆನ್ಸಿಲ್ ಹೋಯಿತು, ಕಂಪ್ಯೂಟರ್ ಬಂತು. ಹೊಸಬರು ಒಂದು ಪಾತ್ರ ಬರೆದು ತಂದರೆ ನಾನು ಅದು ಚೆನ್ನಾಗಿದೆಯೇ ಎಂದು ನೋಡುವ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದೆ: ಇವಳಿಗೆ ಕೊಡಲು ಮನಸ್ಸಿಲ್ಲದ್ದು ಏನು? ಅದಕ್ಕೆ ಉತ್ತರ ಸಿಕ್ಕರೆ ಕಥೆ ಮುಂದೆ ನಡೆಯುತ್ತದೆ, ಸಿಗದಿದ್ದರೆ ಎಷ್ಟು ಸುಂದರವಾಗಿ ಬರೆದರೂ ಅದು ನಿಂತಲ್ಲೇ ನಿಲ್ಲುತ್ತದೆ. ಈ ಪಾಠವನ್ನು ಮೊದಲು ಹೇಳಿದ್ದು ಎರಡು ಜಡೆಯ ಆ ಹುಡುಗಿ. ಆದರೆ ಅದು ನನಗೆ ಅರ್ಥವಾದದ್ದು ಅಂದು ಬಸ್ ಸ್ಟಾಪಿನ ದಾರಿಯಲ್ಲಿ. "ನೋಡಿದೆ" ಎಂಬ ಒಂದು ಮಾತಿಗೆ ಗೌರಮ್ಮ ಕೆಳತುಟಿ ಒಳಗೆಳೆದುಕೊಂಡು, ರಸ್ತೆಯ ಆಚೆಗೆ ನೋಡುತ್ತಾ, "ಮೂವತ್ತು ವರ್ಷ ಬೇಕಾತು ನಿಮಗ," ಎಂದು ಸೆರಗಿನಿಂದ ಮುಖ ಒರೆಸಿಕೊಂಡರು.