ಅಮ್ಮ ತುಂಬಿಸಿದ ಸೀಸೆಗಳು

ಮೊದಲು ಹೋಗುವುದು ಮೂಗು. ಕೈ ನಡುಗುವುದು, ಹೆಜ್ಜೆ ಎಳೆಯುವುದು ಎಲ್ಲ ಎಷ್ಟೋ ವರ್ಷಗಳ ಮೇಲೆ. ನಡುಗುವ ಕಾಯಿಲೆ ಬರುವ ಅನೇಕರಲ್ಲಿ ಮಿದುಳು ಹೀಗೆ ಸದ್ದಿಲ್ಲದೆ ಸವೆಯುತ್ತಾ ಬರುತ್ತದೆ. ನರವಿಜ್ಞಾನಿಯಾಗಿ ನನ್ನ ದುಡಿಮೆಯೆಲ್ಲ ಈ ಒಂದು ಸಂಗತಿಯ ಹಿಂದೆಯೇ ಕಳೆಯಿತು. ಅದು ನನಗೆ ಹೆಸರನ್ನೂ ತಂದಿತು. ಈಗ ಯಾರಾದರೂ ಆ ಹೆಸರೆತ್ತಿ ಹೊಗಳಿದರೆ ಮೈ ಉರಿಯುತ್ತದೆ.

೧೯೯೭ರಲ್ಲಿ, ವಿದೇಶದಿಂದ ತರಿಸಿದ ವಾಸನೆ ಪರೀಕ್ಷೆಯ ಪೆಟ್ಟಿಗೆ ಹಿಡಿದು ನನ್ನೂರು ಕೋಡಿಗೇ ಬಂದಿದ್ದೆ. ಅದರಲ್ಲಿ ಪೈನ್ ಮರ, ನಾವು ಕಂಡರಿಯದ ಹೂವು, ಇನ್ನೂ ಏನೇನೋ. ಮೀನು ಮಾರುವ ಹೆಂಗಸರು ಮೂಸಿ ನೋಡಿ, ಎಲ್ಲವನ್ನೂ ಸಾಬೂನು ಅಂದರು. ಆ ಲೆಕ್ಕದಲ್ಲಿ ಇಡೀ ಕೋಡಿಯೇ ಆಸ್ಪತ್ರೆ ಸೇರಬೇಕಿತ್ತು. ಪೆಟ್ಟಿಗೆ ಅಟ್ಟಕ್ಕೆ ಹೋಯಿತು. ಮೀನು ವ್ಯಾಪಾರದಲ್ಲೇ ನಮ್ಮನ್ನು ಸಾಕಿದ, ನಾವು ಅಬ್ಬಿ ಎಂದು ಕರೆಯುವ ಅಮ್ಮ ಕಪ್ಪು ಸೀಸೆಗಳನ್ನು ತೊಳೆದು ಒಣಗಿಸಿ ನಮ್ಮ ಕಡೆಯ ವಾಸನೆಗಳನ್ನು ತುಂಬಿಸಿಕೊಟ್ಟಳು: ಒಣ ಚಟ್ಲಿ, ಅಂದರೆ ಒಣಗಿಸಿದ ಸಿಗಡಿ, ಆಮೇಲೆ ಮಲ್ಲಿಗೆ, ಇಂಗು, ಕಾಫಿಪುಡಿ. ಸಾಲೂ ಅವಳದೇ. ಮೀನಿನಿಂದ ಶುರು ಮಾಡದಿದ್ದರೆ ಯಾರೂ ಕೂರುವುದಿಲ್ಲ ಎಂದು ಅವಳ ಹಟ.

ಆ ಸೀಸೆಗಳನ್ನು ಹೊತ್ತು ಶಿರೂರು, ಬೈಂದೂರು, ಬ್ರಹ್ಮಾವರ ಎಲ್ಲ ಸುತ್ತಿದೆವು. ಜಗಲಿಯಲ್ಲಿ ಕೂತು ಮಾತಾಡುವ ಕೆಲಸ ಅಮ್ಮನದು. ನಾನೊಂದು ನಿಯಮ ಬರೆದಿದ್ದೆ: ಫಲಿತಾಂಶವನ್ನು ಯಾರಿಗೂ ಹೇಳುವುದಿಲ್ಲ. ವಾಸನೆ ಹೋದವರಿಗೆಲ್ಲ ಆ ಕಾಯಿಲೆ ಬರುವುದಿಲ್ಲ. ಬರುವುದಿದ್ದರೆ ತಡೆಯುವ ಮದ್ದಿಲ್ಲ. ಹೇಳಿ ಹೆದರಿಸುವುದು ಯಾಕೆ? ಇದನ್ನು ಅಮ್ಮ ಮನೆಮನೆಯಲ್ಲೂ ನಮ್ಮ ಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದಳು, ಜನ ಒಪ್ಪುತ್ತಿದ್ದರು.

ಆಯಾ ಊರಿನ ಮೂಗಿಗೆ ಆಯಾ ಊರಿನದೇ ವಾಸನೆ ಬೇಕು ಎಂಬ ನನ್ನ ಪ್ರಬಂಧ ದೂರದೂರದವರ ಕಣ್ಣಿಗೆ ಬಿತ್ತು. ಅವರೂ ತಮ್ಮ ತಮ್ಮ ಅಡುಗೆಮನೆಗಳಿಂದ ಸೀಸೆ ತುಂಬಿಸಿದರು. ಅದಕ್ಕಿಂತ ಹೆಚ್ಚಾಗಿ ಹಬ್ಬಿದ್ದು ನನ್ನ ನಿಯಮ. ಒಂದು ಸಭೆಯಲ್ಲಿ ಹಿರಿಯರೊಬ್ಬರು, ನಿಮ್ಮ ಮನೆಯವರೇ ಆದರೂ ಹೇಳುವುದಿಲ್ಲವೇ ಎಂದು ಕೇಳಿದರು. ಮನೆಯವರಿಗೆ ಬೇರೆ ನಿಯಮ ಇಲ್ಲ ಎಂದೆ. ಚಪ್ಪಾಳೆ ಬಿತ್ತು.

ವರ್ಷಗಳು ಕಳೆದವು. ಹೊಸ ವಿದ್ಯಾರ್ಥಿಗಳು ಕೆಲಸ ಕಲಿಯಲು ಕೋಡಿಯ ಮನೆಗೆ ಬಂದಾಗ, ತೋರಿಸಿಕೊಡಲೆಂದು ಅಮ್ಮನನ್ನೇ ಕೂರಿಸಿದೆ. ಅಷ್ಟರಲ್ಲಿ ಸೀಸೆಗಳನ್ನು ಪ್ರತಿಸಲ ಅದಲುಬದಲು ಮಾಡುವ ಪದ್ಧತಿ ತಂದಿದ್ದೆ. ಊರು ಸುತ್ತುವುದನ್ನು ಆಗಲೇ ಬಿಟ್ಟಿದ್ದ ಅಮ್ಮನಿಗೆ ಅದು ಗೊತ್ತಿರಲಿಲ್ಲ.

ಮೊದಲ ಸೀಸೆಯಲ್ಲಿ ಇದ್ದದ್ದು ಕಾಫಿ. ಅಮ್ಮ ದೀರ್ಘವಾಗಿ ಮೂಸಿ ಒಣ ಚಟ್ಲಿ ಎಂದಳು. ಆಮೇಲಿನದು ಇಂಗು. ಮಲ್ಲಿಗೆ ಎಂದಳು. ಮಲ್ಲಿಗೆಗೆ ಇಂಗು ಎಂದಳು. ತಮಾಷೆ ಮಾಡುತ್ತಿದ್ದಾಳೆಂದು ವಿದ್ಯಾರ್ಥಿಗಳು ನಕ್ಕರು. ತಾನು ತುಂಬಿಸಿದ್ದ ಹಳೆಯ ಸಾಲನ್ನೇ ಅವಳು ನೆನಪಿನಿಂದ ಒಪ್ಪಿಸುತ್ತಿದ್ದಳು. ಅವಳ ಮೂಗಿಗೆ ಒಂದೂ ತಲುಪಿರಲಿಲ್ಲ. ಒಣಮೀನು ಕೊಳ್ಳುವಾಗ ಈಚೆಗೆ ಮೂಸದೆ ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿದ್ದದ್ದು, ಮರಳಿನ ಮೇಲೆ ನಡೆಯುವಾಗ ಅವಳ ಬಲಗೈ ಬೀಸದೆ ಸುಮ್ಮನೆ ನೇತಾಡುತ್ತಿದ್ದದ್ದು, ಎಲ್ಲ ಒಟ್ಟಿಗೆ ನೆನಪಾಯಿತು.

ವಿದ್ಯಾರ್ಥಿಗಳು ಹೋದ ಮೇಲೆ ಸೀಸೆಗಳ ಮುಚ್ಚಳ ಹಾಕುತ್ತಾ ಅಮ್ಮ ಕೇಳಿದಳು:

"ನಾ ತಪ್ಪ್ ಹೇಳ್ದೆ, ಅಲ್ದಾ?"

ಮುಚ್ಚಳ ಹಾಕಿದ ಸೀಸೆಗಳನ್ನು ನಾನು ಚೀಲಕ್ಕೆ ಹಾಕತೊಡಗಿದೆ.

"ಹೇಳುದ್ ಬ್ಯಾಡ. ಹೇಳುಕಾಗ ಅಂದೇಳಿ ಊರೆಲ್ಲ ಹೇಳ್ಕಂಡ್ ತಿರ್ಗಿದ್ ನಾನೇ ಅಲ್ದಾ."

ಹೇಳಿ ನಕ್ಕಳು. ನನಗೆ ಆ ನಿಯಮವನ್ನು ಹರಿದು ಬಿಸಾಡಬೇಕೆನಿಸಿತು. ಆದರೆ ಹರಿದು ಅವಳಿಗೆ ಹೇಳುವುದಾದರೂ ಏನನ್ನು?

ಮರುದಿನ ಬೆಳಿಗ್ಗೆ ಜಗಲಿಯಲ್ಲಿದ್ದ ನನಗೆ ಸೀದ ವಾಸನೆ ಬಡಿಯಿತು. ಒಳಗೋಡಿದೆ. ಕಾವಲಿಯಲ್ಲಿ ಬಂಗುಡೆ ಕರಟುತ್ತಿತ್ತು. ಅಮ್ಮ ಒಲೆಗೆ ಬೆನ್ನು ಹಾಕಿ, ಕೈಗೆಟುಕುವಷ್ಟು ದೂರದಲ್ಲೇ ಕಾಯಿ ತುರಿಯುತ್ತಿದ್ದಳು. ಗ್ಯಾಸ್ ಆರಿಸಿದ ಸದ್ದಿಗೆ ತುರಿಯುವುದನ್ನು ನಿಲ್ಲಿಸಿದಳು, ತಿರುಗಲಿಲ್ಲ.

"ಎಂತ ಆಯ್ತ್ ಮಗಾ?"

"ಎಂತದೂ ಇಲ್ಲ, ಅಬ್ಬಿ," ಎಂದೆ.

ತೊಡೆಯ ಮೇಲೆ ಇಳಿಬಿಟ್ಟಿದ್ದ ಅವಳ ಬಲಗೈಯ ಹೆಬ್ಬೆರಳು ಸಣ್ಣಗೆ ನಡುಗುತ್ತಿತ್ತು. ಅವಳೂ ಅದನ್ನೇ ನೋಡುತ್ತಿದ್ದಳು.