ಗೆಸ್ಟ್ ರೂಮಿನ ಎರ್ನಾಕುಲಂ

ಆ ಶನಿವಾರ ಬೆಳಿಗ್ಗೆಯೂ ಹಾಲಿನ ಪ್ಯಾಕೆಟ್ ಒಳಗೆ ತಂದೆ, ನೀರುದೋಸೆಗೆ ನೆನೆಸಿದ್ದ ಅಕ್ಕಿ ರುಬ್ಬಿದೆ, ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿದೆ. ಕಲೂರಿನ ನಮ್ಮ ಫ್ಲ್ಯಾಟಿನಿಂದ ಎರಡು ಕಟ್ಟಡಗಳ ಸಂದಿಯಲ್ಲಿ ಮೆಟ್ರೋ ಹಾದುಹೋಗುವುದು ಒಂದು ಕ್ಷಣ ಕಾಣುತ್ತದೆ. ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡೇ ಅದನ್ನು ನೋಡುವುದು ನನ್ನ ಅಭ್ಯಾಸ. ಆಮೇಲೆ ಹಳೆಯ ಸೀರೆಯ ಚೂರೊಂದನ್ನು ಬೆರಳಿಗೆ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿಕೊಂಡು, ಗೆಸ್ಟ್ ರೂಮಿಗೆ ಹೋಗಿ ಹಳಿ ಒರೆಸತೊಡಗಿದೆ.

ಬೇರೆ ಮನೆಗಳಲ್ಲಿ ಹಳಿ ಒರೆಸುವ ಕೆಲಸ ಇರಲಾರದು. ಕೊಚ್ಚಿಯ ತೇವದ ಗಾಳಿಗೆ ನಮ್ಮ ಆ ಸಣ್ಣ ಹಳಿಗಳು ಕೆಲವೇ ದಿನಗಳಲ್ಲಿ ಕಪ್ಪಾಗುತ್ತವೆ. ಕಪ್ಪಾದರೆ ಕರೆಂಟು ಸರಿಯಾಗಿ ಹರಿಯುವುದಿಲ್ಲ, ಎಂಜಿನ್ ನಡುದಾರಿಯಲ್ಲಿ ನಿಂತುಬಿಡುತ್ತದಂತೆ.

ನಮ್ಮ ಗೆಸ್ಟ್ ರೂಮಿನಲ್ಲಿ ಮಂಚವಿಲ್ಲ. ಅದಿದ್ದ ಜಾಗದಲ್ಲಿ ಸೊಂಟದೆತ್ತರಕ್ಕೆ ದೊಡ್ಡ ಪ್ಲೈವುಡ್ ಹಲಗೆ. ಹಲಗೆಯ ಮೇಲೆ ಎಲ್ಲರೂ ಸೌತ್ ಎನ್ನುವ ಎರ್ನಾಕುಲಂ ಸ್ಟೇಷನ್ನು, ಮನುಷ್ಯರು ಹೆಬ್ಬೆರಳಿಗಿಂತ ಗಿಡ್ಡರಾಗುವಷ್ಟು ಚಿಕ್ಕದಾಗಿ. ಶುರು ಮಾಡಿದ್ದು ನನ್ನ ಗಂಡ. ಆಗ ಇವರ ಆಫೀಸು ಇಲ್ಲೇ ಇತ್ತು. ಮೊದಲ ದಿನವೇ ಒಂದು ಒಪ್ಪಂದವಾಗಿತ್ತು. ಹಲಗೆಯ ಕೆಳಗಿನದೆಲ್ಲ ಇವರದು: ವೈರು, ಸ್ವಿಚ್ಚು, ಬೆಸುಗೆ. ಮೇಲಿನದೆಲ್ಲ ನನ್ನದು: ಪ್ಲಾಟ್‌ಫಾರ್ಮು, ಮಾಡು, ಮರ, ಜನ. ಮಂಗಳೂರಿನ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್, ಹಾಕಿದ ಹೊಲಿಗೆ ಅಕ್ಕಿಕಾಳಿಗಿಂತ ಉದ್ದವಾದರೆ ಪೂರ್ತಿ ಬಿಚ್ಚಿಸುತ್ತಿದ್ದರು. ಅಲ್ಲಿ ಪಳಗಿದ ನನ್ನ ಕೈ ಇಷ್ಟು ವರ್ಷಗಳ ಮೇಲೆ ಇಲ್ಲಿ ಕೆಲಸಕ್ಕೆ ಬಂತು.

ಇವರು ಟಾರ್ಚು ಹಿಡಿದು ಹಲಗೆಯಡಿ ಮಲಗಿರುತ್ತಿದ್ದರು. ಕಾಲು ಮಾತ್ರ ಹೊರಗೆ. ಮೇಲೆ ನಾನು ಬ್ರಷ್ ಹಿಡಿದು ಕೂತಿರುತ್ತಿದ್ದೆ.

"ಎಂತ ಮಾಡ್ತಿದ್ದೀ? ಸದ್ದೇ ಇಲ್ಲ."

"ಒಬ್ಬರಿಗೆ ಮೀಸೆ ಬರೀತಿದ್ದೇನೆ."

"ದಪ್ಪ ಬರಿ ಮಾರಾಯ್ತಿ, ಇದು ಕೇರಳ."

ಬಳಿಕ ಇವರಿಗೆ ತಿರುವನಂತಪುರದ ಐಟಿ ಪಾರ್ಕಿಗೆ ವರ್ಗವಾಯಿತು. ಮೊದಮೊದಲು ಪ್ರತಿ ಶುಕ್ರವಾರ ರೈಲು ಹತ್ತಿ ಬರುತ್ತಿದ್ದರು. ನಾನು ಮೆಟ್ರೋದಲ್ಲಿ ಸೌತ್‌ಗೆ ಹೋಗಿ, ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದು, ಟೀ ಅಂಗಡಿಯ ಪಕ್ಕ ನಿಲ್ಲುತ್ತಿದ್ದೆ. ರೈಲು ತಡವಾದಷ್ಟೂ ನನಗೆ ಲಾಭವೇ. ಗಾಜಿನ ಪೆಟ್ಟಿಗೆಯೊಳಗೆ ಪಳಂಪೊರಿಯನ್ನು, ಅದೇ ಎಣ್ಣೆಯಲ್ಲಿ ಕರಿದ ನಮ್ಮ ಬಾಳೆಹಣ್ಣಿನ ಪೋಡಿಯನ್ನು, ಹೇಗೆ ಒಂದರ ಮೇಲೊಂದು ಒರಗಿಸುತ್ತಾರೆ, ನಲ್ಲಿಯ ಕೆಳಗಿನ ಸಿಮೆಂಟು ಎಲ್ಲಿ ಪಾಚಿಗಟ್ಟಿದೆ, ನನ್ನ ಹಾಗೆ ಬರುವವರಿಗಾಗಿ ಕಾಯುವವರು ಯಾವ ಕಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಾರೆ, ಎಲ್ಲ ನೋಡಿಕೊಂಡು ಬಂದು ಮನೆಯಲ್ಲಿ ಹಾಗೆಯೇ ಮಾಡುತ್ತಿದ್ದೆ. ಒಮ್ಮೆ ಇವರು ನಿದ್ದೆಹೋಗಿ, ಸೌತ್ ದಾಟಿ ಮುಂದೆ ಆಲುವದಲ್ಲಿ ಇಳಿದರು. ಅಲ್ಲಿಂದ ಮೆಟ್ರೋ ಹತ್ತಿ ನೇರ ಕಲೂರಿಗೆ ಬಂದು, ಬಾಗಿಲಿಗೆ ಬೀಗ ನೋಡಿ ಫೋನ್ ಮಾಡಿದರು. ನಾನಿನ್ನೂ ಸೌತ್‌ನಲ್ಲೇ ನಿಂತಿದ್ದೆ. ಆ ರಾತ್ರಿ ಊಟದ ಹೊತ್ತಿಗೆ ಇಬ್ಬರೂ ಎಷ್ಟು ನಕ್ಕಿದ್ದೆವು!

ಪ್ರತಿ ವಾರದ್ದು ವಾರ ಬಿಟ್ಟು ವಾರವಾಯಿತು. ಆಮೇಲೆ "ನೋಡುವ" ಎಂದಾಯಿತು.

ನಾನೊಮ್ಮೆ ಅಲ್ಲಿಗೆ ಹೋಗಿದ್ದೆ, ಮಿಡಿ ಉಪ್ಪಿನಕಾಯಿ ಕಟ್ಟಿಕೊಂಡು. ಇವರ ಕೋಣೆಯಲ್ಲಿ ಒಂದು ಕುರ್ಚಿ, ಒಂದು ತಟ್ಟೆ, ಒಂದು ಲೋಟ. ಲೋಟದಲ್ಲಿ ಇವರು ಕಾಫಿ ಕುಡಿದರು, ಫ್ಲಾಸ್ಕಿನ ಮುಚ್ಚಳದಲ್ಲಿ ನಾನು. "ಇಲ್ಲಿ ನಿಂಗೆ ಬೋರಾಗ್ತದೆ" ಎಂದರು. ಸಂಜೆಯ ರೈಲಿಗೆ ವಾಪಸು ಹೊರಟೆ. ಆಮೇಲೆ ಇವರು ಬಾ ಎನ್ನಲಿಲ್ಲ, ನಾನು ಬರಲೇ ಎಂದು ಕೇಳಲಿಲ್ಲ. ಜಗಳವೇನೂ ಇಲ್ಲ. ದಿನಾ ಫೋನು, ಊಟ ಆಯ್ತಾ, ಮಳೆ ಉಂಟಾ.

ಹಿಂದಿನ ಸಲ ಬಂದಾಗ ವೈರಿನ ಕೆಲಸ ಮುಗಿಸಿ ಹೋಗಿದ್ದರು. ಪ್ಲಾಟ್‌ಫಾರ್ಮಿನ ಜನರನ್ನು ಮಾಡುವ ನನ್ನ ಕೆಲಸವೂ ಮುಗಿದಿತ್ತು. ಈ ಶನಿವಾರ ಸಂಜೆ ಖಂಡಿತ ಬರುತ್ತೇನೆ, ಮೊದಲ ರೈಲನ್ನು ಇಬ್ಬರೂ ಸೇರಿ ಬಿಡುವ ಎಂದಿದ್ದರು. ಈ ಮಾತು ಮೊದಲೂ ಮುಂದಕ್ಕೆ ಹೋಗಿತ್ತು, ಆದರೆ ಈ ಸಲ ಖಂಡಿತ ಎಂಬ ಪದ ಸೇರಿತ್ತು. ರೈಲು ಓಡುವುದು ನೆಪ. ಈ ಹಲಗೆ ಇನ್ನೂ ಇಬ್ಬರದೋ, ನನ್ನೊಬ್ಬಳದೋ ಎಂದು ನನಗೆ ತಿಳಿಯಬೇಕಿತ್ತು. ಅದಕ್ಕೇ ಅಂದು ಹಳಿಯನ್ನು ಎರಡೆರಡು ಸಲ ಒರೆಸಿದೆ. ಕಂಬಕ್ಕೆ ಒರಗಿ ಬೀಡಿ ಸೇದುತ್ತ ಕೂತಿದ್ದ ಕೆಂಪಂಗಿಯ ಪೋರ್ಟರುಗಳ ತಲೆಯ ಮೇಲಿನ ಧೂಳನ್ನೂ ಊದಿದೆ.

ಮಧ್ಯಾಹ್ನ ಫೋನ್ ಬಂತು.

"ಬರ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ಸೋಮವಾರ ರಿಲೀಸ್ ಉಂಟು, ಎಲ್ರೂ ಆಫೀಸಲ್ಲೇ ಇದ್ದೇವೆ."

"ಊಟ ಆಯ್ತಾ?"

"ಆಯ್ತು. ನೀನು ಓಡಿಸಿ ನೋಡು. ವಿಡಿಯೋ ಕಳ್ಸು."

"ನಂಗೆ ಅದೆಲ್ಲ ಗೊತ್ತಿಲ್ಲ. ಕೆಳಗಿನದ್ದು ನಿಮ್ಮದಲ್ವಾ?"

"ಎಂತ ಉಂಟು ಅದ್ರಲ್ಲಿ? ಕಪ್ಪು ಗುಂಡಿ ತಿರುಗಿಸಿದ್ರೆ ಆಯ್ತು. ನಿಧಾನ ತಿರುಗಿಸು."

ಆ ಕಡೆ ಯಾರೋ ಇವರನ್ನು ಕರೆದರು, ಇವರು ಫೋನ್ ಇಟ್ಟರು. ನಾನು ದೋಸೆಹಿಟ್ಟಿನ ಪಾತ್ರೆಗೆ ತಟ್ಟೆ ಮುಚ್ಚಿ ಫ್ರಿಜ್ಜಿಗಿಟ್ಟೆ. ಒಬ್ಬಳಿಗೆ ಎರಡು ದೋಸೆ ಸಾಕು, ಅದಕ್ಕೆ ಕಾವಲಿ ಕಾಯಿಸಲು ಮನಸ್ಸಾಗಲಿಲ್ಲ. ಅನ್ನಕ್ಕೆ ಮಜ್ಜಿಗೆ ಕಲಸಿ ಉಂಡೆ.

ಸಂಜೆ, ನಾನು ಚೇಚಿ, ಅಂದರೆ ಅಕ್ಕ, ಎಂದು ಕರೆಯುವ ಎದುರುಮನೆಯವರು ಬೆಲ್ ಒತ್ತಿದರು. ಕಾಸರಗೋಡಿನವರು, ಮನೆಮಾತು ಮಲಯಾಳ, ಕಲಿತದ್ದು ಕನ್ನಡ ಶಾಲೆಯಲ್ಲಿ. ಬಾಗಿಲಲ್ಲೇ ಮೋಳೇ, ಮಗಳೇ ಎಂದು ಮಾತಾಡಿಸಿ ಹೋಗುವವರು. ಹೋದ ವಾರ ನಾನು ಪಲ್ಯ ಕೊಟ್ಟಿದ್ದ ಸ್ಟೀಲ್ ಡಬ್ಬಿ ಹಿಂತಿರುಗಿಸಲು ಬಂದಿದ್ದರು. ಖಾಲಿ ಡಬ್ಬಿ ಕೊಡುವವರಲ್ಲ, ಬಿಸಿ ಪಳಂಪೊರಿ ತುಂಬಿಸಿದ್ದರು.

"ಸಾರ್ ಬರ್ಲಿಲ್ವಾ?"

"ಇಲ್ಲ ಚೇಚಿ. ಕೆಲಸ."

"ಈ ವಾರವೂ ಇಲ್ವಾ? ತಿರುವನಂತಪುರ ಎಂತ ದುಬೈಯಾ ಮೋಳೇ, ವೀಸಾ ಬೇಕಾ?"

ನಗು ಬಂತು. ಹಾಗೇ ಕಣ್ಣಲ್ಲಿ ನೀರೂ ಬರುವಂತಾಯಿತು. ಅದನ್ನು ತಪ್ಪಿಸಲಿಕ್ಕೋ ಏನೋ, "ಬನ್ನಿ, ಒಂದು ತೋರಿಸ್ತೇನೆ" ಎಂದು ಅವರನ್ನು ಗೆಸ್ಟ್ ರೂಮಿಗೆ ಕರೆದುಕೊಂಡು ಹೋದೆ. ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರೂ ಅದನ್ನು ನೋಡಿರಲಿಲ್ಲ.

"ಎಂಡೆ ದೈವಮೇ! ಇದು ನಮ್ಮ ಸೌತ್ ಅಲ್ವಾ?" ಕನ್ನಡಕ ಹಾಕಿಕೊಂಡು ಬಗ್ಗಿದರು. "ಪಳಂಪೊರಿಯ ಪೆಟ್ಟಿಗೆ ಸಹ ಉಂಟಲ್ಲ! ಕೆಲಸ ಮಾಡಿ ಮಾಡಿ ನಿನ್ನ ಕಣ್ಣು ಹೋಗ್ಲಿಲ್ವಾ? ರೈಲು ಓಡ್ತದಾ, ಸುಮ್ನೆ ನೋಡ್ಲಿಕ್ಕಾ?"

"ಓಡ್ಬೇಕು. ನಾನು ಇಷ್ಟರವರೆಗೆ ಓಡಿಸಿಲ್ಲ."

"ಮತ್ತೆ ಎಂತ ಕಾಯುದು? ಓಡ್ಸು."

ಪ್ಲಗ್ಗಿನ ಸ್ವಿಚ್ ಒತ್ತಿ ಕಪ್ಪು ಗುಂಡಿಯನ್ನು ತಿರುಗಿಸಿದೆ. ನೀಲಿ ಡಬ್ಬಿಗಳ ರೈಲು ಒಮ್ಮೆ ಜರ್ರೆಂದು ಎಳೆದುಕೊಂಡು ಹೊರಟೇಬಿಟ್ಟಿತು. ತಿರುವು ದಾಟಿ, ಮೇಲ್ಸೇತುವೆಯ ಅಡಿಯಲ್ಲಿ ನುಗ್ಗಿ, ಪ್ಲಾಟ್‌ಫಾರ್ಮಿನ ಉದ್ದಕ್ಕೂ ಹಾದುಹೋಯಿತು. ಎಲ್ಲೂ ತಡೆಯಲಿಲ್ಲ. ಗಾಳಿಗೆ, ನಾನು ಹತ್ತಿಯಿಂದ ಮಾಡಿದ್ದ ಮರವೊಂದು ಅಲ್ಲಾಡಿತು. ನಿಲ್ಲಿಸುವುದು ತಿಳಿಯದೆ ಇನ್ನೊಂದು ಸುತ್ತು ಬರಲು ಬಿಟ್ಟೆ. ಆ ಸುತ್ತಿನ ಕೊನೆಗೆ ಗುಂಡಿಯನ್ನು ಹಿಂದಕ್ಕೆ ತಂದಾಗ ಟೀ ಅಂಗಡಿಯ ಎದುರು, ನಾನು ಯಾವಾಗಲೂ ನಿಲ್ಲುವ ಜಾಗದಲ್ಲೇ, ಸರಿಯಾಗಿ ಬಂದು ನಿಂತಿತು. ಫೋನು ಅಡುಗೆಮನೆಯಲ್ಲಿತ್ತು. ತರಲು ಹೋಗಲಿಲ್ಲ.

ಚೇಚಿ ತಾವೇ ತಂದ ಪಳಂಪೊರಿಯೊಂದನ್ನು ಮುರಿದು ಬಾಯಿಗೆ ಹಾಕಿಕೊಂಡರು. ನನ್ನ ಜನರನ್ನು ಒಬ್ಬೊಬ್ಬರಾಗಿ ನೋಡುತ್ತ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಯವರೆಗೆ ಹೋದರು. ಸೆರಗಿಗೆ ಬೆರಳು ಒರೆಸಿಕೊಂಡು, ಹೊರಡುತ್ತ ಹೊರಡುತ್ತ ಹೇಳಿದರು:

"ಅಲ್ಲ ಮೋಳೇ, ಇಷ್ಟು ಜನ ನಿಂತಿದ್ದಾರೆ, ಒಬ್ಬರ ಕೈಯಲ್ಲೂ ಒಂದು ಬ್ಯಾಗ್ ಇಲ್ಲ. ಈ ರೈಲಿಗೆ ಹತ್ತುವವರು ಯಾರು?"